ರಾಯಚೂರಿನಲ್ಲಿ ಹಳೆ ಸ್ಪ್ಲೆಂಡರ್‌ಗೆ ಇಂಜಿನ್ ಕೆಲಸ: ಯಾವ ಪಾರ್ಟು ಎಲ್ಲಿ ತಗೊಂಡೆ

ಅಪ್ಪನ ಗಾಡಿ 2009ರ ಸ್ಪ್ಲೆಂಡರ್ ಪ್ಲಸ್. ಟ್ಯಾಂಕಿನ ಮೇಲೆ ಇನ್ನೂ ಹೀರೋ ಹೋಂಡಾ ಅಂತಲೇ ಇದೆ. 15 ವರ್ಷ ತುಂಬಿದಾಗ ರಾಯಚೂರು ಆರ್‌ಟಿಒದಲ್ಲಿ ಆರ್‌ಸಿ ನವೀಕರಣ ಮಾಡಿಸಿದ್ದೆವು. ಇನ್ನೈದು ವರ್ಷಕ್ಕೆ ಸಿಕ್ಕಿದೆ, ಅಂದರೆ 2029ರ ತನಕ ಕಾಗದದ ಚಿಂತೆ ಇಲ್ಲ. ಚಿಂತೆ ಇದ್ದದ್ದು ಇಂಜಿನ್ನಿನದು. ಹೊಗೆ ಬಿಡುತ್ತಿತ್ತು, ಆಯಿಲ್ ಕುಡಿಯುತ್ತಿತ್ತು, ಹಿಂದೆ ಒಬ್ಬರು ಕೂತರೆ ಏರಿನಲ್ಲಿ ಮೂರನೇ ಗೇರಿಗೆ ಇಳಿಸಲೇಬೇಕಿತ್ತು.

ಹೊಸ ಗಾಡಿ ತಗೊಳ್ಳೋಣ ಅಂದರೆ ಅಪ್ಪ ಒಪ್ಪಲಿಲ್ಲ. "ಈ ಗಾಡಿ ಗದ್ದಿ ದಾರ್‍ಯಾಗ ನನ್ನ ಮಾತು ಕೇಳ್ತದ. ಹೊಸದು ಯಾಕ ಬೇಕು?" ಅಂದರು. ಯೋಚನೆ ಮಾಡಿದರೆ ನನಗೂ ಅದೇ ಸರಿ ಅನ್ನಿಸಿತು. 97.2 ಸಿಸಿಯ ಈ ಇಂಜಿನ್ನನ್ನು ಬಿಚ್ಚಿ ಜೋಡಿಸಬಲ್ಲವರು ನಮ್ಮ ಮಾನ್ವಿ ಕಡೆ ಊರೂರಿಗೆ ಇದ್ದಾರೆ. ಪಾರ್ಟು ಸಿಗದೆ ಮೂಲೆ ಸೇರುವ ಗಾಡಿ ಇದಲ್ಲ. ತೊಂದರೆ ಇರುವುದೇ ಬೇರೆ, ಪಾರ್ಟು ಬೇಕಾದಷ್ಟು ಸಿಗುತ್ತದೆ. ಒಂದೇ ಪಿಸ್ಟನ್ನಿಗೆ ಅಂಗಡಿಗೊಂದು ರೇಟು, ಒಂದೇ ಅಂಗಡಿಯಲ್ಲಿ ನಾಲ್ಕು ರೇಟು. "ಒರಿಜಿನಲ್ ಬೇಕಾ, ಕಂಪನಿ ಬೇಕಾ, ಫಸ್ಟ್ ಕ್ವಾಲಿಟಿ ಬೇಕಾ, ಲೋಕಲ್ ನಡಿತದಾ?" ಅಂತ ಕೌಂಟರಿನ ಹುಡುಗ ಒಂದೇ ಉಸಿರಲ್ಲಿ ಕೇಳುತ್ತಾನೆ. ಇದಕ್ಕೆ ಉತ್ತರ ಗೊತ್ತಿಲ್ಲದೆ ಅಂಗಡಿಗೆ ಹೋದರೆ ದುಡ್ಡೂ ಹೋಗುತ್ತದೆ, ಕೆಲಸವೂ ಕೆಡುತ್ತದೆ. ಹಾಗಾಗಿ ನಾನು ಹೇಗೆ ಹೋದೆ ಅನ್ನುವುದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಹೊಗೆ ನೋಡಿ. ಕಪ್ಪು ಹೊಗೆ ಬಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಅಂತ, ಅದು ಕಾರ್ಬೊರೇಟರಿನ ಕೆಲಸ, ಇಂಜಿನ್ ಬಿಚ್ಚುವ ಅಗತ್ಯ ಇರಲ್ಲ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಅದರಲ್ಲೂ ಎರಡು ಥರ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಗುಪ್ಪೆ ಬಂದು ನಿಂತರೆ ವಾಲ್ವ್ ಸೀಲ್ ಹೋಗಿರಬಹುದು, ಸಣ್ಣ ಖರ್ಚು. ರೇಸ್ ಕೊಟ್ಟಾಗೆಲ್ಲ ಎಡೆಬಿಡದೆ ಬಂದರೆ ರಿಂಗು, ಪಿಸ್ಟನ್, ಇಲ್ಲವೇ ಪಿಸ್ಟನ್ ಓಡಾಡುವ ಕೊಳವೆ, ಅಂದರೆ ಬೋರು ಸವೆದಿದೆ ಅಂತ. ನಮ್ಮದು ಎರಡನೆಯದು. ಶೋರೂಂ ಸರ್ವಿಸಿನವರು ಗಾಡಿ ಬಿಟ್ಟು ಹೋಗಿ, ಬಿಚ್ಚಿದ ಮೇಲೆ ಹೇಳುತ್ತೇವೆ ಅಂದರು. ಅಂದಾಜು ಕೇಳಿದಾಗ ಹೇಳಿದ ಮೊತ್ತ ಗಾಡಿಯ ಇವತ್ತಿನ ಬೆಲೆಯ ಅರ್ಧದ ಹತ್ತಿರ ಇತ್ತು. ಹೀಗಾಗಿ ಸ್ಟೇಷನ್ ರಸ್ತೆ ಕಡೆ ವರ್ಷಗಟ್ಟಲೆಯಿಂದ ಹೀರೋ ಹೋಂಡಾ ಕೆಲಸವನ್ನೇ ಮಾಡುವ ಒಬ್ಬ ಚಾಚಾ ಹತ್ತಿರ ಹೋದೆವು. ಅವರು ಹೇಳಿದ ಮಾತು ನನಗೆ ಹಿಡಿಸಿತು: "ಸಾಮಾನು ನೀನೇ ತಂದ್ಕೊಡು ತಮ್ಮಾ. ನಾ ತಂದ್ರ ರೇಟ್ ಜಾಸ್ತಿ ಹಾಕ್ಯಾನ ಅಂತಿ. ನೀ ತಂದ್ರ ಸಾಮಾನಿನ ಖಾತ್ರಿ ನಿಂದು, ಕೆಲಸದ ಖಾತ್ರಿ ನಂದು."

ಇಂಜಿನ್ ಬಿಚ್ಚುವಾಗ ನಾನು ಪಕ್ಕದಲ್ಲೇ ಕೂತಿದ್ದೆ. ಯಾರೇ ಇಂಜಿನ್ ಕೆಲಸ ಮಾಡಿಸಲಿ, ಬಿಚ್ಚುವ ಹೊತ್ತಿನಲ್ಲಿ ಅಲ್ಲಿರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾಕಂದರೆ ಏನು ಕೆಟ್ಟಿದೆ ಅನ್ನುವುದಕ್ಕಿಂತ ಯಾಕೆ ಕೆಟ್ಟಿತು ಅನ್ನುವುದು ಆಗ ಕಾಣುತ್ತದೆ. ಚಾಚಾ ಬ್ಲಾಕ್, ಅಂದರೆ ಬೋರು ಇರುವ ಲೋಹದ ಭಾಗ, ತೆಗೆಯುವ ಮೊದಲು ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ನನ್ನ ಮುಂದೆ ಹಿಡಿದರು. ಫಿಲ್ಟರ್ ಹೊಸದರ ಹಾಗೇ ಇತ್ತು. ಅದರ ಅಂಚಿನ ರಬ್ಬರು ಮಾತ್ರ ಗಟ್ಟಿಯಾಗಿ, ಒಂದು ಬದಿಯಲ್ಲಿ ಡಬ್ಬಿಗೆ ತಾಗದೆ ಎದ್ದು ನಿಂತಿತ್ತು. ಆ ಸಂದಿನಿಂದ ಶುರುವಾಗಿ ಒಳಗಡೆ, ಕಾರ್ಬೊರೇಟರ್ ಕಡೆಯ ಬಿಳಿ ಪ್ಲಾಸ್ಟಿಕ್ಕಿನ ಮೇಲೆ ನುಣ್ಣನೆ ಧೂಳಿನ ಗೆರೆ. ಬೆರಳಲ್ಲಿ ಒರೆಸಿದರೆ ಎರೆಮಣ್ಣಿನ ಕಪ್ಪು. ಹಿಂದೆ ಯಾವಾಗಲೋ ಸರ್ವಿಸಿಗೆ ಬಿಟ್ಟಾಗ ಯಾರೋ ಲೋಕಲ್ ಫಿಲ್ಟರ್ ಹಾಕಿ ಕಳಿಸಿದ್ದರು. ಫಿಲ್ಟರಿನ ಪಕ್ಕದಿಂದ ನುಗ್ಗಿದ ಮಣ್ಣು ಸೀದಾ ಬೋರಿಗೆ ಹೋಗಿ ಉಜ್ಜಿದೆ. ಬ್ಲಾಕ್ ತೆಗೆದಾಗ ಬೋರಿನೊಳಗೆ ಉದ್ದುದ್ದ ಗೆರೆಗಳು ಉಗುರಿಗೆ ಸಿಗುತ್ತಿದ್ದವು.

ಆ ಗೆರೆ ನೋಡಿದಾಗಲೇ ನಾನು ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಉಳಿಸಬೇಕು ಅನ್ನುವುದನ್ನು ತೀರ್ಮಾನ ಮಾಡಿಕೊಂಡೆ. ತಾನು ಕೆಟ್ಟರೆ ತಾನೊಂದೇ ಹೋಗುವ ಪಾರ್ಟಿಗೆ ಅಗ್ಗದ್ದು ನಡೆಯುತ್ತದೆ. ಇಂಡಿಕೇಟರ್, ಕನ್ನಡಿ, ಹ್ಯಾಂಡಲ್ ಗ್ರಿಪ್, ಫುಟ್‌ರೆಸ್ಟ್ ರಬ್ಬರ್ ಇವೆಲ್ಲ ಹಾಗೆ. ತಾನು ಕೆಟ್ಟು ಬೇರೆಯದನ್ನೂ ಕರೆದುಕೊಂಡು ಹೋಗುವ ಪಾರ್ಟಿಗೆ ಕೈ ಬಿಗಿ ಹಿಡಿಯಬಾರದು. ಏರ್ ಫಿಲ್ಟರ್, ಟೈಮಿಂಗ್ ಚೈನ್, ಆಯಿಲ್ ಸೀಲ್, ಬೇರಿಂಗ್, ಆಯಿಲ್ ಈ ಸಾಲಿನವು. ಬ್ರೇಕ್ ಶೂ, ಬ್ರೇಕ್ ಕೇಬಲ್, ಟೈರಿನ ಮಾತು ಬೇರೆಯೇ ಬಿಡಿ, ಅಲ್ಲಿ ಹೋಗುವುದು ಪಾರ್ಟಲ್ಲ, ಮನುಷ್ಯ.

ಚಾಚಾ ಪಿಸ್ಟನ್ ಡಬ್ಬಿಯ ರಟ್ಟು ಹರಿದು ಅದರ ಹಿಂದೆ ಪಟ್ಟಿ ಬರೆದುಕೊಟ್ಟರು. ನಾನು ಪಟ್ಟಿಯ ಜೊತೆಗೆ ಹಳೇ ಪಾರ್ಟುಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡೆ. ಇದು ಬಹಳ ಮುಖ್ಯ. ಸ್ಪ್ಲೆಂಡರ್ ಅನ್ನುವ ಹೆಸರಲ್ಲಿ 1994ರಿಂದ ಇವತ್ತಿನ ತನಕ ಎಷ್ಟೋ ಥರದ ಗಾಡಿ ಬಂದಿವೆ. ಬಾಯಲ್ಲಿ "ಸ್ಪ್ಲೆಂಡರ್ ಕ್ಲಚ್ ಪ್ಲೇಟ್ ಕೊಡಿ" ಅಂದರೆ ಅವರ ಕೈಗೆ ಸಿಕ್ಕಿದ್ದು ಕೊಡುತ್ತಾರೆ. ಹಳೇದನ್ನು ಕೌಂಟರಿನ ಮೇಲೆ ಇಟ್ಟು ಹಲ್ಲು ಎಣಿಸಿ, ಮೇಲೆ ಮೇಲೆ ಇಟ್ಟು ಹೋಲಿಸಿ ತಗೊಂಡರೆ ವಾಪಸ್ ಓಡಾಟ ತಪ್ಪುತ್ತದೆ.

ಅದಕ್ಕಿಂತ ಪಕ್ಕಾ ದಾರಿ ಪಾರ್ಟ್ ನಂಬರ್. ಹೀರೋ ಮತ್ತು ಹೋಂಡಾ ಗಾಡಿಗಳ ನಂಬರಿಗೆ ಒಂದು ಕ್ರಮ ಇದೆ. ಮೊದಲ ಐದು ಅಂಕಿ ಅದು ಯಾವ ಸಾಮಾನು ಅನ್ನುವುದು, ನಡುವಿನ ಮೂರು ಅಕ್ಷರ ಯಾವ ಮಾಡೆಲ್ಲಿನದು ಅನ್ನುವುದು, ಕೊನೆಯದು ಅದರಲ್ಲಿ ಯಾವ ಬಗೆ ಅನ್ನುವುದು. 13101 ಅಂದರೆ ಸ್ಟ್ಯಾಂಡರ್ಡ್ ಸೈಜಿನ ಪಿಸ್ಟನ್. 13102 ಅಂದರೆ 0.25 ಮಿಲಿಮೀಟರ್ ಓವರ್‌ಸೈಜು, ಅಂದರೆ ಅಷ್ಟು ದೊಡ್ಡದು, 13103 ಅಂದರೆ 0.50. 12251 ಅಂದರೆ ಹೆಡ್ ಗ್ಯಾಸ್ಕೆಟ್. ಇಷ್ಟು ಗೊತ್ತಿದ್ದರೆ ಪ್ಯಾಕೆಟ್ಟಿನ ಮೇಲೆ ಏನು ಬರೆದಿದೆ ಅಂತ ನೀವೇ ಓದಬಹುದು. ಶೋರೂಮಿನ ಪಾರ್ಟ್ಸ್ ಕೌಂಟರಿನಲ್ಲಿ ಗಾಡಿಯ ಚಾಸಿ ನಂಬರ್ ಕೊಟ್ಟು ಕೇಳಿದರೆ ನಂಬರ್, ಎಂಆರ್‌ಪಿ ಎರಡೂ ಹೇಳುತ್ತಾರೆ. ನಾನು ಅಲ್ಲಿಂದಲೇ ಶುರು ಮಾಡಿದೆ. ಏನೂ ತಗೊಳ್ಳದೆ ಬರೀ ರೇಟು ಕೇಳಿ ಬರುವುದಲ್ಲ, ಏರ್ ಫಿಲ್ಟರ್, ಗ್ಯಾಸ್ಕೆಟ್ ಸೆಟ್ ಮತ್ತು ಟೈಮಿಂಗ್ ಚೈನ್ ಅಲ್ಲೇ ತಗೊಂಡೆ. ಈ ಮೂರರಲ್ಲಿ ಒರಿಜಿನಲ್ಲಿಗೂ ಉಳಿದದ್ದಕ್ಕೂ ಇರುವ ರೇಟಿನ ಅಂತರ ಕಡಿಮೆ, ಕೆಟ್ಟರೆ ಆಗುವ ನಷ್ಟ ದೊಡ್ಡದು.

ಇನ್ನು ತೀನ್ ಕಂದೀಲ್ ಸುತ್ತಮುತ್ತಲಿನ ಪೇಟೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳು. ಇಲ್ಲಿ ಅರ್ಥ ಮಾಡಿಕೊಳ್ಳಬೇಕಾದ ವಿಷಯ ಒಂದಿದೆ. ಗಾಡಿ ಕಂಪನಿ ಎಲ್ಲಾ ಪಾರ್ಟನ್ನೂ ತಾನೇ ಮಾಡುವುದಿಲ್ಲ. ಚೈನು, ಪಿಸ್ಟನ್, ಪ್ಲಗ್, ಶಾಕ್ ಅಬ್ಸಾರ್ಬರ್, ಲೈಟು ಎಲ್ಲಾ ಬೇರೆ ಬೇರೆ ಕಂಪನಿಗಳಿಂದ ಬರುತ್ತವೆ. ಆ ಕಂಪನಿಗಳು ತಮ್ಮದೇ ಹೆಸರಿನ ಡಬ್ಬಿಯಲ್ಲೂ ಪೇಟೆಗೆ ಮಾಲು ಬಿಡುತ್ತವೆ. ರೋಲಾನ್ ಚೈನು ಕೊಯಮತ್ತೂರಿನ ಎಲ್.ಜಿ. ಬಾಲಕೃಷ್ಣನ್ ಕಂಪನಿಯದು. ಉಷಾ ಪಿಸ್ಟನ್ ಶ್ರೀರಾಮ್ ಪಿಸ್ಟನ್ಸ್‌ನವರದು. ಗೋಯೆಟ್ಜೆ ರಿಂಗು, ಎನ್‌ಜಿಕೆ ಪ್ಲಗ್, ಮಿಂಡಾ ಸ್ವಿಚ್ಚು, ಗೇಬ್ರಿಯಲ್ ಶಾಕು ಇವೆಲ್ಲ ಆ ಥರ ಹೆಸರು ಮಾಡಿದವು. ಗಾಡಿ ಕಂಪನಿಯ ಪ್ಯಾಕಿಗಿಂತ ರೇಟು ಕಡಿಮೆ, ಗುಣಮಟ್ಟದಲ್ಲಿ ನಂಬಬಹುದು. ಅಂಗಡಿಯವರು "ಕಂಪನಿ ಮಾಲು" ಅನ್ನುವುದು ಬಹಳ ಸಲ ಇದನ್ನೇ. "ಫಸ್ಟ್ ಕ್ವಾಲಿಟಿ" ಅನ್ನುವ ಮಾತಿಗೆ ಮಾತ್ರ ಯಾವ ಅರ್ಥವೂ ಇಲ್ಲ, ಯಾರು ಮಾಡಿದ್ದು ಅಂತ ಡಬ್ಬಿ ಮೇಲೆ ಇಲ್ಲದಿದ್ದರೆ ಅದು ಲೋಕಲ್ಲೇ.

ಚೈನ್ ಸ್ಪ್ರಾಕೆಟ್ ಕಿಟ್ ನಾನು ರೋಲಾನ್ ತಗೊಂಡೆ. ಚೈನು, ಮುಂದಿನ ಹಲ್ಲು, ಹಿಂದಿನ ಹಲ್ಲು ಮೂರನ್ನೂ ಒಟ್ಟಿಗೆ ಬದಲಿಸಬೇಕು. ಬರೀ ಚೈನ್ ಬದಲಿಸಿದರೆ ಸವೆದ ಹಲ್ಲು ಹೊಸ ಚೈನನ್ನೂ ಬೇಗ ತಿನ್ನುತ್ತದೆ.

ಡುಪ್ಲಿಕೇಟ್ ಪ್ಯಾಕಿನ ಬಗ್ಗೆ ಒಂದು ಗುರುತು ಹೇಳುತ್ತೇನೆ. ಹೀರೋ ಮತ್ತು ಹೋಂಡಾ ಬೇರೆಯಾಗುವ ತೀರ್ಮಾನ ಆದದ್ದು 2010ರ ಡಿಸೆಂಬರಿನಲ್ಲಿ, ಕಂಪನಿಯ ಹೆಸರು ಹೀರೋ ಮೋಟೋಕಾರ್ಪ್ ಆದದ್ದು 2011ರಲ್ಲಿ. ಒಂದು ಅಂಗಡಿಯಲ್ಲಿ ಕ್ಲಚ್ ಪ್ಲೇಟಿನ ಪ್ಯಾಕು ಕೊಟ್ಟರು. ಮೇಲೆ ಹೊಳೆಯುವ ಅಕ್ಷರದಲ್ಲಿ ಹೀರೋ ಹೋಂಡಾ, ಕೆಳಗೆ ತಯಾರಾದ ತಿಂಗಳು ಮೊನ್ನೆ ಮೊನ್ನೆಯದು. ಇಷ್ಟು ವರ್ಷ ಆದ ಮೇಲೆ ಹಳೆ ಹೆಸರಿನ ಹೊಸ ಪ್ಯಾಕು ಎಲ್ಲಿಂದ ಬರಬೇಕು? ಸುಮ್ನೆ ಕೆಳಗಿಟ್ಟು ಬಂದೆ. ಪ್ಯಾಕಿನ ಮೇಲೆ ತಯಾರಕರ ಹೆಸರು ವಿಳಾಸ, ತಿಂಗಳು ಮತ್ತು ವರ್ಷ, ಎಂಆರ್‌ಪಿ, ದೂರು ಹೇಳಲು ಫೋನ್ ನಂಬರ್ ಇರಲೇಬೇಕು, ಅದು ಕಾನೂನು. ಇವುಗಳಲ್ಲಿ ಒಂದಿಲ್ಲದಿದ್ದರೂ, ಅಕ್ಷರ ತಪ್ಪಿದ್ದರೂ, ಸ್ಟಿಕ್ಕರ್ ಸೊಟ್ಟಗೆ ಅಂಟಿದ್ದರೂ ಅನುಮಾನ ಪಡಿ. ರೇಟು ಅರ್ಧಕ್ಕೂ ಕಡಿಮೆ ಇದ್ದರೆ ಅನುಮಾನವೇ ಬೇಡ, ಬಿಟ್ಟುಬಿಡಿ.

ಪಿಸ್ಟನ್ ವಿಷಯಕ್ಕೆ ಬರುತ್ತೇನೆ. ಪೇಟೆಯಲ್ಲಿ ಎರಡು ದಾರಿ ತೋರಿಸುತ್ತಾರೆ. ಒಂದು, ಬ್ಲಾಕ್ ಸಮೇತ ಹೊಸ ಪಿಸ್ಟನ್ ಕಿಟ್. ಇನ್ನೊಂದು, ಇದ್ದ ಬ್ಲಾಕನ್ನೇ ಬೋರ್ ಮಾಡಿಸಿ, ಅಂದರೆ ಒಳಗೆ ಕೊರೆದು ಸ್ವಲ್ಪ ಅಗಲ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕುವುದು. ಹೀರೋ ಪ್ಯಾಕಿನ ಬ್ಲಾಕ್ ಕಿಟ್ ತಗೊಳ್ಳುವ ಶಕ್ತಿ ಇದ್ದರೆ ಸರಿ. ಲೋಕಲ್ ಬ್ಲಾಕ್ ಕಿಟ್ಟಿಗಿಂತ ಮಾತ್ರ, ಗಾಡಿಯ ಜೊತೆ ಬಂದ ಒರಿಜಿನಲ್ ಬ್ಲಾಕನ್ನು ಬೋರ್ ಮಾಡಿಸುವುದೇ ವಾಸಿ. ಆ ಕಬ್ಬಿಣ ಒಳ್ಳೆಯದು, ಇಷ್ಟು ವರ್ಷ ತಡೆದಿದೆ. ನಾನು ಬೋರ್ ಮಾಡಿಸಿದೆ, ಉಷಾ ಪಿಸ್ಟನ್ ತಗೊಂಡೆ. ಕಿಟ್ಟಿನಲ್ಲಿ ಪಿಸ್ಟನ್, ರಿಂಗು, ಪಿನ್ನು, ಲಾಕು ಎಲ್ಲಾ ಬರುತ್ತದೆ. ಬ್ಲಾಕ್ ಕಿಟ್ಟಿಗೆ ಹೋಲಿಸಿದರೆ ಬೋರಿಂಗ್ ಕೂಲಿ ಸೇರಿಸಿಯೂ ಅರ್ಧಕ್ಕಿಂತ ಕಡಿಮೆಗೆ ಮುಗಿಯಿತು.

ಲೇತಿನ ಅಣ್ಣ ಬೋರ್ ಗೇಜ್ ಇಳಿಸಿ ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳತೆ ತಗೊಂಡರು, ಅಡ್ಡ ಒಂದು ಸಲ, ಉದ್ದ ಒಂದು ಸಲ. ಈ ಇಂಜಿನ್ನಿನ ಬೋರು ಹೊಸದಿದ್ದಾಗ 50 ಮಿಲಿಮೀಟರ್. 0.25ರಲ್ಲಿ ಗೆರೆ ಪೂರ್ತಿ ಹೋಗುವುದಿಲ್ಲ, 0.50 ತನ್ನಿ ಅಂದರು. ನಾನು ಬ್ಲಾಕ್ ಅಲ್ಲೇ ಬಿಟ್ಟು, ಪಿಸ್ಟನ್ ಆಮೇಲೆ ತರುತ್ತೇನೆ, ನೀವು ಬೋರ್ ಮಾಡುತ್ತಿರಿ ಅಂದಾಗ ಅವರು ಮೆಷಿನ್ ಮುಟ್ಟಲಿಲ್ಲ. "ಪಿಸ್ಟನ್ ಕೈಗೆ ಬರೋ ತನಕ ಬೋರ್ ಮಾಡಂಗಿಲ್ಲ" ಅಂದರು. ಅದೇ ಸರಿ. ಡಬ್ಬಿ ಮೇಲೆ 0.50 ಅಂತ ಇದ್ದರೂ ಒಂದು ಪಿಸ್ಟನ್ನಿಗೂ ಇನ್ನೊಂದಕ್ಕೂ ನೂರರಲ್ಲಿ ಒಂದೆರಡು ಭಾಗ ಮಿಲಿಮೀಟರ್ ಹೆಚ್ಚು ಕಡಿಮೆ ಇರಬಹುದು. ಪಿಸ್ಟನ್ನಿಗೂ ಬೋರಿಗೂ ನಡುವೆ ಇರಬೇಕಾದ ಸಂದು ಕೂದಲೆಳೆಗಿಂತ ತೆಳು. ಅದಕ್ಕೇ ಮೈಕ್ರೋಮೀಟರಿನಲ್ಲಿ ಪಿಸ್ಟನ್ ಅಳೆದು, ಆ ಪಿಸ್ಟನ್ನಿಗೆ ತಕ್ಕ ಹಾಗೆ ಬೋರ್ ಮಾಡಬೇಕು. ಬೋರಾದ ಮೇಲೆ ಹೋನಿಂಗ್ ಕಲ್ಲು ಆಡಿಸಿ ಒಳಗೆ ಅಡ್ಡಡ್ಡ ಸಣ್ಣ ಗೆರೆ ಬಿಡಿಸಿದರು. ಆ ಗೆರೆಯಲ್ಲಿ ಆಯಿಲ್ ನಿಲ್ಲುತ್ತದೆ, ರಿಂಗು ಕೂರುತ್ತದೆ. ಕನ್ನಡಿ ಥರ ನುಣುಪು ಮಾಡಿಕೊಟ್ಟರೆ ಚಂದ ಕಾಣಬಹುದು, ಆಯಿಲ್ ಕುಡಿಯುವುದು ನಿಲ್ಲುವುದಿಲ್ಲ. ನಿಮ್ಮ ಊರಿನಲ್ಲಿ ಅಗ್ಗದ ಪಾರ್ಟಿಗಿಂತ ಮೊದಲು ಒಳ್ಳೆ ಲೇತ್ ಹುಡುಕಿ ಅನ್ನುತ್ತೇನೆ ನಾನು. ಗೇಜ್ ಇಲ್ಲದೆ ಕೈಯಲ್ಲಿ ಆಡಿಸಿ ನೋಡಿ "ಸರಿ ಐತಿ" ಅನ್ನುವ ಕಡೆ ಬ್ಲಾಕ್ ಕೊಡಬೇಡಿ.

ಈಗ ನನಗೆ ತುಂಬಾ ಖುಷಿ ಕೊಟ್ಟ ಅಂಗಡಿಯ ವಿಷಯ. ಮುಂದಿನ ಚಕ್ರದ ಬೇರಿಂಗೂ ಶಬ್ದ ಮಾಡುತ್ತಿತ್ತು. ಬೈಕ್ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಹೆಸರಿಲ್ಲದ ಬೇರಿಂಗ್ ತೋರಿಸಿದರು. ಚಾಚಾ ಹಳೇ ಬೇರಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಅಂಚು ತೋರಿಸಿದರು, 6301 ಅಂತ ಕೊರೆದಿತ್ತು. "ಇದಕ್ಕ ಬೈಕ್ ಅಂಗಡಿ ಯಾಕ? ಗಂಜಿನ ಕಡೆ ಹೋಗು" ಅಂದರು.

ರಾಯಚೂರು ಹತ್ತಿಯ ಊರು, ಭತ್ತದ ಊರು. ಜಿನ್ನಿಂಗ್ ಮಿಲ್ಲು, ರೈಸ್ ಮಿಲ್ಲುಗಳು ಬೇರಿಂಗ್, ಬೆಲ್ಟು, ಆಯಿಲ್ ಸೀಲ್ ಇಲ್ಲದೆ ಒಂದು ದಿನ ನಡೆಯುವುದಿಲ್ಲ. ಸೀಜನ್ನಿನಲ್ಲಿ ಮಿಲ್ಲು ನಿಂತರೆ ನಷ್ಟ ದೊಡ್ಡದು, ಹಾಗಾಗಿ ಅವರಿಗೆ ಮಾಲು ಕೊಡುವ ಅಂಗಡಿಯವರು ಡುಪ್ಲಿಕೇಟ್ ಇಟ್ಟು ಬದುಕಲಾರರು. ಗಂಜ್ ಅಂದರೆ ನಮ್ಮ ಊರಿನ ಕೃಷಿ ಮಾರುಕಟ್ಟೆ, ರಾಜೇಂದ್ರ ಗಂಜ್. ಅದರ ಕಡೆಯ ಒಂದು ಮಿಲ್ ಸ್ಟೋರ್ಸಿಗೆ ಹೋದೆ. ಯಾವ ಗಾಡಿ ಅಂತ ಅವರು ಕೇಳಲೇ ಇಲ್ಲ. 6301 ಅಂದ ಕೂಡಲೇ "ಎಸ್‌ಕೆಎಫ್ ಕೊಡ್ಲಾ, ಎನ್‌ಬಿಸಿ ಕೊಡ್ಲಾ? ರಬ್ಬರ್ ಸೀಲಾ, ತಗಡಿಂದಾ?" ಅಂದರು.

ಬೇರಿಂಗ್ ನಂಬರು ಜಗತ್ತಿಗೆಲ್ಲ ಒಂದೇ. 6301 ಅಂದರೆ ಒಳಗಿನ ತೂತು 12 ಮಿಲಿಮೀಟರ್, ಹೊರಗಿನ ಅಳತೆ 37, ದಪ್ಪ 12. ಕೊನೆಯ ಎರಡು ಅಂಕಿ ಒಳಗಿನ ತೂತು ಹೇಳುತ್ತದೆ: 00 ಇದ್ದರೆ 10, 01 ಇದ್ದರೆ 12, 02 ಇದ್ದರೆ 15, 03 ಇದ್ದರೆ 17. 04ರಿಂದ ಮೇಲೆ ಐದರಿಂದ ಗುಣಿಸಿದರೆ ಆಯಿತು, 04 ಅಂದರೆ 20, 05 ಅಂದರೆ 25. ನಂಬರ್ ಆದ ಮೇಲೆ ಝಡ್‌ಝಡ್ ಇದ್ದರೆ ಎರಡೂ ಕಡೆ ತಗಡಿನ ಮುಚ್ಚಳ, 2ಆರ್‌ಎಸ್ ಇದ್ದರೆ ಎರಡೂ ಕಡೆ ರಬ್ಬರ್ ಸೀಲ್. ಕಾಲುವೆ ದಾರಿಯ ಕೆಸರು, ಗದ್ದೆಯ ನೀರು ನೋಡಿದರೆ ನಮ್ಮ ಕಡೆ ಚಕ್ರಕ್ಕೆ ರಬ್ಬರ್ ಸೀಲಿನದೇ ಬೇಕು. ಎನ್‌ಬಿಸಿ ಜೈಪುರದ ಕಂಪನಿ, ಒಳ್ಳೆಯ ಮಾಲು, ರೇಟು ಹಿಡಿತದಲ್ಲಿ ಇರುತ್ತದೆ. ನಾನು ಅದನ್ನೇ ತಗೊಂಡೆ. ಎಸ್‌ಕೆಎಫ್ ತಗೊಳ್ಳುವವರಿಗೆ ಒಂದು ಮಾತು: ಅದರಲ್ಲಿ ನಕಲಿ ಜಾಸ್ತಿ. ಅಸಲಿಯೋ ಅಲ್ಲವೋ ಅಂತ ನೋಡಲು ಆ ಕಂಪನಿಯದೇ ಆ್ಯಪ್ ಇದೆ, ಫೋಟೊ ತೆಗೆದು ಕಳಿಸಬಹುದು.

ಆಯಿಲ್ ಸೀಲ್ ಕೂಡ ಅದೇ ಅಂಗಡಿಯಲ್ಲಿ. ಅದರ ಮೇಲೂ ಒಳ ಅಳತೆ, ಹೊರ ಅಳತೆ, ದಪ್ಪ ಮೂರೂ ಅಚ್ಚಾಗಿರುತ್ತದೆ. ಹಳೇ ಸೀಲಿನ ತುಟಿಯನ್ನು ಬೆರಳಲ್ಲಿ ಒತ್ತಿ ನೋಡಿದರೆ ಗಟ್ಟಿ ಪ್ಲಾಸ್ಟಿಕ್ ಆಗಿತ್ತು, ಹೊಸದು ಮೆತ್ತಗೆ ಬಾಗಿ ವಾಪಸ್ ಬರುತ್ತಿತ್ತು. ಟ್ರ್ಯಾಕ್ಟರ್ ಇರುವವರಿಗೆ ಈ ಥರದ ಅಂಗಡಿ ಇನ್ನೂ ಉಪಯೋಗ. ಗದ್ದೆಗೆ ಕೇಜ್ ವೀಲ್ ಹಾಕಿ ಕೆಸರು ಮಾಡುವ ಗಾಡಿಗೆ ಆಕ್ಸಲ್ ಸೀಲ್, ಬೇರಿಂಗ್ ಮೇಲಿಂದ ಮೇಲೆ ಹೋಗುತ್ತವೆ ಅಲ್ವಾ?

ಇಂಜಿನ್ ಆಯಿಲ್ ನಾನು ಪೆಟ್ರೋಲ್ ಬಂಕಿನಲ್ಲಿ ತಗೊಳ್ಳುತ್ತೇನೆ. ಇಂಡಿಯನ್ ಆಯಿಲ್ ಬಂಕಿನಲ್ಲಿ ಸರ್ವೋ, ಭಾರತ್ ಪೆಟ್ರೋಲಿಯಂ ಬಂಕಿನಲ್ಲಿ ಮ್ಯಾಕ್, ಎಚ್‌ಪಿಯಲ್ಲಿ ಅವರದೇ ಆಯಿಲ್. ಕಂಪನಿಯ ಮಾಲು ಸೀದಾ ಬರುವ ಜಾಗ ಅದು. ಈ ಗಾಡಿಗೆ 10ಡಬ್ಲ್ಯು-30 ಗ್ರೇಡಿನ ಆಯಿಲ್. ಡಬ್ಬಿ ಮೇಲೆ ಜಾಸೊ ಎಂಎ ಅಥವಾ ಎಂಎ2 ಅಂತ ಇರಬೇಕು, ಬೈಕಿನ ಕ್ಲಚ್ಚಿಗೆ ಹೊಂದುವ ಆಯಿಲ್ ಅನ್ನುವ ಗುರುತು ಅದು. ಬೈಕಿನಲ್ಲಿ ಕ್ಲಚ್ ಪ್ಲೇಟು ಇಂಜಿನ್ ಆಯಿಲಿನಲ್ಲೇ ಮುಳುಗಿರುತ್ತದೆ, ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು. ಖಾಲಿ ಡಬ್ಬಿಯನ್ನು ಸುಮ್ನೆ ಎಸೆಯಬೇಡಿ. ಅದನ್ನು ಕೊಂಡು ಹಳೇ ಆಯಿಲ್ ತುಂಬಿ ಮಾರುವವರು ಇದ್ದಾರೆ. ತೂತು ಮಾಡಿ ಗುಜರಿಗೆ ಹಾಕಿ.

ಹೈದರಾಬಾದಿಗೆ ಹೋಗಿ ತಂದರೆ ಅಗ್ಗ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಶಕ್ತಿನಗರದ ಹತ್ತಿರ ಕೃಷ್ಣೆ ದಾಟಿ, ಮಖ್ತಲ್, ಮಹಬೂಬ್‌ನಗರದ ಮೇಲೆ ಬಸ್ಸಿದೆ. ಸಿಕಂದರಾಬಾದಿನ ರಾಣಿಗಂಜ್ ನಿಜಕ್ಕೂ ದೊಡ್ಡ ಪೇಟೆ, ಮೆಷಿನ್ ಸಾಮಾನು, ಟೂಲ್ಸು, ಗಾಡಿ ಪಾರ್ಟು ಎಲ್ಲಾ ಒಂದೇ ಕಡೆ. ಬೇರೆ ಕೆಲಸಕ್ಕೆ ಹೋದಾಗ ನಾನೂ ಒಂದು ಸುತ್ತು ಹಾಕಿ ರೇಟು ಕೇಳಿದೆ. ಪಿಸ್ಟನ್ ಕಿಟ್ಟು, ಚೈನ್ ಕಿಟ್ಟುಗಳಲ್ಲಿ ಉಳಿಯುವ ದುಡ್ಡು ಬಸ್ಸಿನ ಚಾರ್ಜಿಗೆ ಸರಿಹೋಗುತ್ತದೆ. ಸೈಜು ತಪ್ಪಿದರೆ ಬದಲಿಸಿಕೊಳ್ಳಲು ಮತ್ತೆ ಅಲ್ಲಿಗೆ ಹೋಗಲಾಗುತ್ತದಾ? ಒಂದು ಗಾಡಿಯ ಕೆಲಸಕ್ಕೆ ಊರಿನ ಅಂಗಡಿಯೇ ಸರಿ. ಗ್ಯಾರೇಜ್ ಇಟ್ಟವರಿಗೆ, ಹತ್ತು ಗಾಡಿಯ ಸಾಮಾನು ಒಟ್ಟಿಗೆ ತರುವವರಿಗೆ ಆ ಓಡಾಟ ಗಿಟ್ಟುತ್ತದೆ.

ಟೂಲ್ಸ್ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ಪಾನಾ ಒಮ್ಮೆ ತಗೊಂಡರೆ ಮಗನ ಕಾಲಕ್ಕೂ ಬರುತ್ತದೆ, ಎಲ್ಲಿ ಒಳ್ಳೇದು ಸಿಗುತ್ತದೋ ಅಲ್ಲಿಂದ ತರಬೇಕು. ಸಂತೆಯಲ್ಲಿ, ಬಸ್ ಸ್ಟ್ಯಾಂಡ್ ಮುಂದೆ ಪೆಟ್ಟಿಗೆ ತುಂಬ 40 ಸಾಮಾನು ಹೊಳೆಯುವ ಸೆಟ್ಟು ಮಾರುತ್ತಾರೆ. ಅದರ ಕಬ್ಬಿಣ ಮೆತ್ತಗೆ. ಬಿಗಿಯಾದ ನಟ್ಟಿಗೆ ಹಾಕಿ ಎಳೆದರೆ ಪಾನಾದ ಬಾಯಿ ಅಗಲವಾಗುತ್ತದೆ, ನಟ್ಟಿನ ಮೂಲೆ ಉರುಟಾಗುತ್ತದೆ. ಆಮೇಲೆ ಆ ನಟ್ಟು ಬಿಚ್ಚಲು ವೆಲ್ಡಿಂಗಿನವರನ್ನು ಕರೆಯಬೇಕು. ಅಷ್ಟೊಂದು ಸಾಮಾನು ಬೇಕಾಗುವುದೂ ಇಲ್ಲ. ಸ್ಪ್ಲೆಂಡರಿನ ದಿನದ ಕೆಲಸಕ್ಕೆ 8, 10, 12, 14, 17, 19 ಸೈಜಿನ ಪಾನಾ, ಪ್ಲಗ್ಗಿಗೆ 16ರ ಬಾಕ್ಸ್ ಪಾನಾ, ಒಂದು ಪಕ್ಕಡ್, ಸಣ್ಣ ಸಂದು ಅಳೆಯುವ ಒಂದು ಫಿಲ್ಲರ್ ಗೇಜ್ ಇದ್ದರೆ ಬಹಳ ಕೆಲಸ ಮನೆಯಲ್ಲೇ ಆಗುತ್ತದೆ. ಒಂದು ಕಡೆ ರಿಂಗು, ಇನ್ನೊಂದು ಕಡೆ ತೆರೆದ ಬಾಯಿ ಇರುವ ಪಾನಾ ತಗೊಳ್ಳಿ. ನಟ್ಟನ್ನು ಸಡಿಲ ಮಾಡಲು ರಿಂಗು, ಬೇಗ ತಿರುಗಿಸಲು ಬಾಯಿ.

ನಾನು ಟಪಾರಿಯಾ ತಗೊಂಡೆ, ನಾಸಿಕದ ಕಂಪನಿ. ಬಿಡಿಬಿಡಿಯಾಗಿ, ಬೇಕಾದ ಸೈಜು ಮಾತ್ರ, ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಕ್ಕಿತು. ಟೂಲ್ಸಿನಲ್ಲಿ ಡಬ್ಬಿ ಮೇಲಿನ ಎಂಆರ್‌ಪಿ ನೋಡಿ ದುಡ್ಡು ಕೊಡಬೇಡಿ, ಅದಕ್ಕಿಂತ ಸಾಕಷ್ಟು ಕಡಿಮೆಗೆ ಕೊಡುವುದು ರೂಢಿ. ಕೇಳಿದರೆ ಬಿಡುತ್ತಾರೆ.

ಸ್ಕ್ರೂಡ್ರೈವರ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಕಾರ್ಬೊರೇಟರಿನ ಕೆಳಗಿನ ಬಟ್ಟಲಿನ ಪ್ಲಸ್ ಸ್ಕ್ರೂಗಳ ತಲೆ ಹಾಳಾಗಿರುವುದನ್ನು ನೀವು ನೋಡಿರಬಹುದು. ಜಪಾನಿ ವಿನ್ಯಾಸದ ಗಾಡಿಗಳಲ್ಲಿ ಆ ಪ್ಲಸ್ಸಿನ ಅಳತೆ ಜಪಾನಿನದು, ಜೆಐಎಸ್ ಅನ್ನುತ್ತಾರೆ. ನಾವು ಸಾಮಾನ್ಯವಾಗಿ ಬಳಸುವ ಫಿಲಿಪ್ಸ್ ಸ್ಕ್ರೂಡ್ರೈವರ್ ಅದರಲ್ಲಿ ಪೂರ್ತಿ ಕೂರುವುದಿಲ್ಲ, ತಿರುಗಿಸಿದಾಗ ಮೇಲೆ ಎದ್ದು ಬಂದು ತಲೆ ಕೆರೆಯುತ್ತದೆ. ಜೆಐಎಸ್ ತುದಿಯದು ಊರಿನಲ್ಲಿ ಸಿಗಲಿಲ್ಲ, ಆನ್‌ಲೈನಿನಲ್ಲಿ ತರಿಸಿದೆ. ಜಂಗು ಹಿಡಿದ ಸ್ಕ್ರೂಗೆ ಚಾಚಾ ಹತ್ತಿರ ಇಂಪ್ಯಾಕ್ಟ್ ಡ್ರೈವರ್ ಇತ್ತು, ಹಿಂದಿನಿಂದ ಸುತ್ತಿಗೆಯಲ್ಲಿ ಹೊಡೆದರೆ ಒತ್ತಿಕೊಂಡೇ ತಿರುಗುವಂಥದ್ದು. ಮ್ಯಾಗ್ನೆಟ್ ಪುಲ್ಲರ್ ಥರ ವರ್ಷಕ್ಕೊಮ್ಮೆಯೂ ಬೇಕಾಗದ ಟೂಲಿಗೆ ದುಡ್ಡು ಹಾಕುವುದು ಬೇಡ, ಮಿಸ್ತ್ರಿ ಹತ್ತಿರ ಇರುತ್ತದೆ.

ಆನ್‌ಲೈನಿನಲ್ಲಿ ಪಾರ್ಟು ತರಿಸುವುದಾದರೆ ನಂಬರ್ ಹಾಕಿಯೇ ಹುಡುಕಿ, ಮಾರುವವರು ಯಾರು ಅಂತ ನೋಡಿ. ಒಂದು ಕಡೆಯಿಂದ ಟೈಮಿಂಗ್ ಚೈನಿನ ಟೆನ್ಶನರ್ ತರಿಸಿದಾಗ ಚಿತ್ರದಲ್ಲಿ ಒಂದು ಇತ್ತು, ಡಬ್ಬಿಯಲ್ಲಿ ಬೇರೆ ಮಾಡೆಲ್ಲಿನದು ಬಂತು. ವಾಪಸ್ ಕೊಟ್ಟೆ, ದುಡ್ಡು ಬಂತು, ಆದರೆ ಅಲ್ಲಿಯತನಕ ಇಂಜಿನ್ ಬಿಚ್ಚಿಕೊಂಡು ಕೂತಿತ್ತು. ಕೊನೆಗೆ ಶೋರೂಂ ಕೌಂಟರಿನಲ್ಲೇ ತಗೊಂಡೆ.

ಗುಜರಿಯಿಂದ ಸೈಡ್ ಪ್ಯಾನೆಲ್ ತಂದೆ, ಬಣ್ಣವೂ ಹೊಂದಿಕೆಯಾಯಿತು. ಪ್ಯಾನೆಲ್, ಸ್ಟ್ಯಾಂಡು, ಸೀಟಿನ ತಗಡು, ಚೈನ್ ಕವರ್ ಇಂಥವಕ್ಕೆ ಗುಜರಿ ಒಳ್ಳೆಯದು. ಇಂಜಿನ್ ನಂಬರ್, ಚಾಸಿ ನಂಬರ್ ಇರುವ ಯಾವುದನ್ನೂ ಕಾಗದ ಇಲ್ಲದೆ ತರಬೇಡಿ. ಕಳ್ಳತನದ ಗಾಡಿಯದಾದರೆ ಪೊಲೀಸರು ನಿಮ್ಮ ಮನೆಗೇ ಬರುತ್ತಾರೆ.

ಎಲ್ಲಾ ಕಡೆ ಬಿಲ್ ಕೇಳಿದೆ. ಕೆಲವರು "ಬಿಲ್ ಇಲ್ಲದೆ ಇಷ್ಟು, ಬಿಲ್ ಬೇಕಂದ್ರ ಇಷ್ಟು" ಅಂದರು. ಬಿಲ್ ಇರುವ ರೇಟೇ ಕೊಟ್ಟೆ. ಸಾಮಾನು ಕೆಟ್ಟು ಬಂದರೆ, ಗ್ರಾಹಕರ ಆಯೋಗದ ತನಕ ಹೋಗಬೇಕಾದರೆ ಕೈಯಲ್ಲಿ ಇರಬೇಕಾದದ್ದು ಅದೇ. 2025ರ ಸೆಪ್ಟೆಂಬರ್ 22ರಿಂದ ಬೈಕ್ ಬಿಡಿಭಾಗಗಳ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಹಳೇ ಎಂಆರ್‌ಪಿ ಇರುವ ಪ್ಯಾಕು ಕೊಟ್ಟರೆ ಹೊಸ ದರ ಎಷ್ಟು ಅಂತ ಕೇಳಿ, ಬಿಲ್ಲಿನಲ್ಲಿ ಎಷ್ಟು ಪರ್ಸೆಂಟ್ ಹಾಕಿದ್ದಾರೆ ಅಂತ ಓದಿ.

ಜೋಡಿಸುವ ದಿನ ಅಪ್ಪನೂ ಬಂದಿದ್ದರು. ಚಾಚಾ ರಿಂಗುಗಳನ್ನು ಒಂದೊಂದೇ ಬೋರಿನೊಳಗೆ ಇಳಿಸಿ, ಬಾಯಿಯ ಸಂದಿಗೆ ಫಿಲ್ಲರ್ ಗೇಜ್ ಹಾಕಿ ನೋಡಿದರು. ಆಮೇಲೆ ಗುರುತು ಮೇಲೆ ಬರುವ ಹಾಗೆ ಪಿಸ್ಟನ್ನಿಗೆ ಕೂರಿಸಿದರು. ಮೊದಲ ಕಿಕ್ಕಿಗೆ ಹತ್ತಲಿಲ್ಲ, ಸ್ವಲ್ಪ ಹೊತ್ತಿಗೆ ಹತ್ತಿತು. ಹಚ್ಚಿದ ಆಯಿಲ್ ಸುಡುವವರೆಗೆ ಹೊಗೆ ಬಂದು ನಿಂತುಹೋಯಿತು. 500 ಕಿಲೋಮೀಟರ್ ತನಕ ಜೋರಾಗಿ ಓಡಿಸಬೇಡಿ, ಒಂದೇ ವೇಗದಲ್ಲೂ ಓಡಿಸಬೇಡಿ, ಆಮೇಲೆ ಆಯಿಲ್ ಬದಲಿಸಿ ಅಂದರು. ಬದಲಿಸಿದಾಗ ಹಳೇ ಆಯಿಲಿನಲ್ಲಿ ಸಣ್ಣ ಲೋಹದ ಪುಡಿ ಮಿನುಗುತ್ತಿತ್ತು, ಹೊಸ ರಿಂಗು ಕೂರುವಾಗ ಅದು ಬರುವುದೇ. ಈಗ ಡಿಪ್ ಸ್ಟಿಕ್ಕಿನಲ್ಲಿ ಆಯಿಲ್ ಇದ್ದಲ್ಲೇ ಇದೆ.

ಉಳಿದಿರುವುದು ಹಿಂದಿನ ಶಾಕ್ ಅಬ್ಸಾರ್ಬರ್. ಎಡಗಡೆಯದು ಆಯಿಲ್ ಸೋರುತ್ತಿದೆ, ಬದಲಿಸಿದರೆ ಎರಡನ್ನೂ ಬದಲಿಸಬೇಕು. ಶೋರೂಮಿನಲ್ಲಿ ಕಂಪನಿ ಪ್ಯಾಕಿನ ರೇಟು ಬರೆದುಕೊಂಡು ಬಂದಿದ್ದೇನೆ, ಪೇಟೆಯಲ್ಲಿ ಗೇಬ್ರಿಯಲ್ ಜೋಡಿ ಅದಕ್ಕಿಂತ ಕಡಿಮೆಗೆ ಬರುತ್ತದೆ ಅಂದಿದ್ದಾರೆ. ಭತ್ತ ಗಂಜಿಗೆ ಹೋದ ಮೇಲೆ ತರುವುದು ಅಂತ ಅಪ್ಪ ಹೇಳಿದ್ದಾರೆ.